ರೆಪ್ಪೆ ಹೊಡೆಯದ ಅಂಪೈರ್

೨೦೨೬ರ ಜನವರಿ ೧೭, ಶನಿವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಕ್ರೈಸ್ಟ್‌ಚರ್ಚಿನ ಹಾರ್ನ್‌ಬಿ ಮೈದಾನದಲ್ಲಿ ಪ್ರಣವ್ ಎಸೆದ ಚೆಂಡು ಬ್ಯಾಟಿಗೂ ಪ್ಯಾಡಿಗೂ ನಡುವಿನ ಸಂದಿನಲ್ಲಿ ನುಗ್ಗಿ ಮಧ್ಯದ ಸ್ಟಂಪನ್ನು ಬುಡಸಮೇತ ಕಿತ್ತು ಹಾಕಿತು. ಬ್ಯಾಟು ಹಿಡಿದಿದ್ದವನು ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಗ್ಲೌಸ್ ಬಿಚ್ಚುತ್ತ, ನಾಲ್ಕು ಹೆಜ್ಜೆ ಹೊರಟೂ ಆಗಿತ್ತು. ಅಂಪೈರ್ ರಘುನಾಥ್ ಕೈ ಎತ್ತಿ ಅವನನ್ನು ನಿಲ್ಲಿಸಿ, ನಾಟ್ ಔಟ್ ಎಂದರು. ವಾಯವ್ಯದ ಬಿಸಿಗಾಳಿ ಬೆಳಗಿನಿಂದ ಬೀಸುತ್ತಿತ್ತು. ಬೇಲ್ಸ್ ಬಿದ್ದದ್ದು ಗಾಳಿಗೆ ಎಂಬುದು ಅವರ ತೀರ್ಪು.

ಪ್ರಣವ್ ಹತ್ತಿರ ಬಂದು ಬಹಳ ಮರ್ಯಾದೆಯಿಂದ ಕೇಳಿದ: "ಅಂಕಲ್, ಗಾಳಿ ಬೇಲ್ಸ್ ಹಾರಿಸತ್ತೆ, ಒಪ್ಪಿದೆ. ಸ್ಟಂಪ್ ಕಿತ್ತು ಕೀಪರ್ ಕಾಲ ಹತ್ರ ಮಲಗಿಸತ್ತಾ?"

ರಘುನಾಥ್ ಕಣ್ಣೊರೆಸಿಕೊಂಡು ಮತ್ತೆ ನೋಡಿದರು. ಮೂರಿರಬೇಕಾದ ಜಾಗದಲ್ಲಿ ಎರಡೇ ಇದ್ದವು. ತೀರ್ಪು ಬದಲಿಸಿ ಬೆರಳೆತ್ತಿದರು. ಆದರೆ ಅಷ್ಟರಲ್ಲಿ ಬೌಂಡರಿಯಾಚೆ ಚುರುಮುರಿ ತಿನ್ನುತ್ತಿದ್ದ ಮೂರು ಕುಟುಂಬಗಳವರು ಫೋನಿನಲ್ಲಿ ಅದನ್ನು ಹಿಡಿದಿದ್ದರು. ಸಂಜೆಯೊಳಗೆ ಕ್ರೈಸ್ಟ್‌ಚರ್ಚಿನ ಕನ್ನಡಿಗರ ಅಷ್ಟೂ ವಾಟ್ಸಾಪ್ ಗುಂಪುಗಳಲ್ಲಿ ಆ ಎರಡು ಸ್ಟಂಪುಗಳು ಓಡಾಡಿದವು.

ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಹಾರ್ನ್‌ಬಿಯ ಒಂದು ಗೋದಾಮು ಕಂಪನಿಯಲ್ಲಿ ಸರಕು ಸಾಗಣೆಯ ಲೆಕ್ಕಾಚಾರ ನೋಡಿಕೊಳ್ಳುತ್ತಿದ್ದ ರಘುನಾಥರಿಗೆ ಐವತ್ತಾರು ವರ್ಷ. ಕನ್ನಡಿಗರ ಬೇಸಿಗೆ ಲೀಗಿನಲ್ಲಿ ಹನ್ನೊಂದು ವರ್ಷದಿಂದ ಒಂದೇ ಒಂದು ಫೈನಲ್ಲನ್ನೂ ಅವರು ಬೇರೆಯವರಿಗೆ ಬಿಟ್ಟುಕೊಟ್ಟಿರಲಿಲ್ಲ. ಅವರ ಹೆಮ್ಮೆಯ ಮೂಲ ಒಂದೇ. ಬೌಲರ್ ಓಡಲು ಶುರು ಮಾಡಿದ ಗಳಿಗೆಯಿಂದ ಚೆಂಡು ಸತ್ತುಬೀಳುವ ತನಕ ರೆಪ್ಪೆ ಹೊಡೆಯುವುದಿಲ್ಲ. ಹೊಸದಾಗಿ ಅಂಪೈರಿಂಗ್ ಕಲಿಯಲು ಬಂದವರಿಗೆ ಅವರು ಹೇಳಿಕೊಡುತ್ತಿದ್ದ ಮೊದಲ ಪಾಠ ಅದು. ಎರಡನೆಯ ಪಾಠದ ತನಕ ಯಾರೂ ನಿಂತಿರಲಿಲ್ಲ.

ಆದರೆ ಕಳೆದ ಅಕ್ಟೋಬರಿನಿಂದ ಕಣ್ಣು ಉರಿಯುತ್ತಿತ್ತು. ಒಳಗೆ ಮರಳು ಹೊಕ್ಕಂತೆ ಚುಚ್ಚುತ್ತಿತ್ತು. ಗಾಳಿ ತಾಗಿದರೆ ಸಾಕು, ನೀರು ದಳದಳನೆ ಸುರಿದು ಎದುರಿನದೆಲ್ಲ ಕಲಸಿಹೋಗುತ್ತಿತ್ತು.

ಭಾನುವಾರ ಬೆಳಿಗ್ಗೆ ಶ್ರೀಕರ್ ಮನೆಗೆ ಬಂದ. ಲೀಗಿನ ಕಾರ್ಯದರ್ಶಿ ಅವನೇ, ಫೈನಲ್ ಮುಟ್ಟಿದ್ದ ಎರಡು ತಂಡಗಳಲ್ಲಿ ಒಂದರ ಕ್ಯಾಪ್ಟನ್ನೂ ಅವನೇ. ಕಾಫಿ ಮುಗಿಯುವ ತನಕ ಹವಾಮಾನದ ಮಾತಾಡಿ, ಲೋಟ ಕೆಳಗಿಟ್ಟ ಮೇಲೆ ವಿಷಯಕ್ಕೆ ಬಂದ. ಫೆಬ್ರವರಿ ಏಳಕ್ಕೆ ಫೈನಲ್. ಅಷ್ಟರಲ್ಲಿ ಅಂಕಲ್ ಕಣ್ಣು ತೋರಿಸಿಕೊಂಡು ಒಂದು ರಿಪೋರ್ಟ್ ತಂದರೆ ಸಮಿತಿಗೆ ಅನುಕೂಲ. ಇಲ್ಲದಿದ್ದರೆ ಈ ಸಲ ಅಂಕಲ್ ವಿಶ್ರಾಂತಿ ತಗೊಳ್ಳಲಿ ಅಂತ ಸಮಿತಿಯ ಅಭಿಪ್ರಾಯ. ಸಮಿತಿ ಅಂದರೆ ಯಾರು ಎಂದು ರಘುನಾಥ್ ಕೇಳಿದರು. ಶ್ರೀಕರ್ ಕಿಟಕಿಯಾಚೆಯ ನಿಂಬೆಗಿಡವನ್ನು ಹೊಗಳಿದ.

ಅವನು ಹೋದ ಮೇಲೆ ಕಾತ್ಯಾಯಿನಿ ಬಾಯಿ ಬಿಟ್ಟರು. ರಘುನಾಥರ ಹೆಂಡತಿ ವೃದ್ಧಾಶ್ರಮವೊಂದರಲ್ಲಿ ನರ್ಸು. ಹುಲ್ಲಿನ ಪರಾಗದ ಅಲರ್ಜಿಗೆ ಗಂಡ ದಿನಾ ನುಂಗುತ್ತಿದ್ದ ಮಾತ್ರೆ ಮೂಗಿನ ಜೊತೆಗೆ ಕಣ್ಣನ್ನೂ ಒಣಗಿಸುತ್ತದೆ ಎಂದು ಅವರು ನವೆಂಬರಿನಲ್ಲೇ ಹೇಳಿದ್ದರು, ಈಗ ಮತ್ತೆ ಹೇಳಿದರು.

"ಒಣಗಿದೆಯಂತೆ," ಎಂದರು ರಘುನಾಥ್, ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರನ್ನು ತೋರಿಸಿ. "ಇದೇನು ಮತ್ತೆ, ಕಾವೇರಿನಾ?"

"ನಂಗೇನ್ ಗೊತ್ರೀ. ನಾನು ಬರೀ ನರ್ಸು. ಡಾಕ್ಟ್ರು ಹೇಳಿದ್ರೆ ಒಪ್ಕೋತೀರಿ, ಅವ್ರ ಹತ್ರಾನೇ ಹೋಗಿ."

ಮಂಗಳವಾರ ಹೋದರು. ಕಣ್ಣಿನ ತಪಾಸಣೆಯ ಕೋಣೆಯಲ್ಲಿ ಕುಳಿತಿದ್ದವಳನ್ನು ನೋಡಿ ಒಂದು ಕ್ಷಣ ವಾಪಸ್ ಹೊರಡೋಣ ಅನ್ನಿಸಿತು. ಹರ್ಷಿಣಿ. ನಾಲ್ಕು ವರ್ಷದವಳಿದ್ದಾಗ ಈ ಊರಿಗೆ ಬಂದವಳು. ಭಾನುವಾರಗಳಂದು ರಘುನಾಥ್ ಕನ್ನಡಿಗರ ಮಕ್ಕಳಿಗೆಲ್ಲ ಪುಕ್ಕಟೆ ಗಣಿತ ಹೇಳಿಕೊಡುತ್ತಿದ್ದ ಕಾಲದಲ್ಲಿ ಅವರ ಊಟದ ಮೇಜಿಗೆ ಕುಳಿತು ಲೆಕ್ಕ ಮಾಡುತ್ತಿದ್ದವಳು. ಒಮ್ಮೆ ಇಪ್ಪತ್ತೈದಕ್ಕೆ ಇಪ್ಪತ್ತನಾಲ್ಕು ತಂದು ತೋರಿಸಿದಾಗ, ಆ ಒಂದು ಅಂಕ ಎಲ್ಲಿ ಬೀಳಿಸಿಕೊಂಡು ಬಂದೆ ಎಂದು ಅವರು ಕೇಳಿದ್ದರು. ಅದನ್ನು ಅವರು ಮರೆತಿದ್ದರು. ಹರ್ಷಿಣಿ ಮರೆತಿರಲಿಲ್ಲ.

ಅವಳು ಮೊದಲು ಪ್ರಶ್ನೆಗಳನ್ನು ಕೇಳಿದಳು. ಆಫೀಸಿನಲ್ಲಿ ಎಷ್ಟು ಪರದೆ? ಮೂರು. ಕೋಣೆಗೆ ಗಾಳಿ ಬಿಡುವ ಹೀಟ್ ಪಂಪ್ ಎಲ್ಲಿದೆ? ತಲೆಯ ಮೇಲೇ. ಕಾರಿನಲ್ಲಿ ಗಾಳಿ ಎತ್ತ ತಿರುಗಿಸಿಕೊಳ್ಳುತ್ತೀರಿ? ಮುಖಕ್ಕೆ. ಯಾವ ಮಾತ್ರೆ? ಎಷ್ಟು ದಿನದಿಂದ? ಪ್ರತಿ ಉತ್ತರಕ್ಕೂ ಅವಳು ಒಂದು ಗುರುತು ಹಾಕಿಕೊಂಡಳು. ಗುರುತುಗಳು ಹೆಚ್ಚುತ್ತಿದ್ದುದನ್ನು ಕಂಡು, ಶುರು ಚೆನ್ನಾಗಿದೆ ಎಂದುಕೊಂಡರು ರಘುನಾಥ್.

ಆಮೇಲೆ ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ತೆಳ್ಳನೆಯ ಕಾಗದದ ಪಟ್ಟಿಗಳನ್ನು ತೆಗೆದು, ಒಂದೊಂದು ಕೆಳರೆಪ್ಪೆಗೆ ಒಂದೊಂದನ್ನು ಸಿಟಿ ಬಸ್ಸಿನ ಟಿಕೆಟಿನ ಹಾಗೆ ಸಿಕ್ಕಿಸಿದಳು. ಐದು ನಿಮಿಷ ಕಣ್ಣು ಮುಚ್ಚಿ ಕೂರಬೇಕು. ಅಷ್ಟರಲ್ಲಿ ಕಾಗದ ಎಷ್ಟು ಉದ್ದ ನೆನೆಯುತ್ತದೋ ಅದನ್ನು ಅಳೆಯುವುದು.

ಬಲಗಣ್ಣು ನಾಲ್ಕು, ಎಡಗಣ್ಣು ಐದು ಎಂದಳು ಹರ್ಷಿಣಿ.

"ಎಷ್ಟಕ್ಕೆ?" ಎಂದರು ರಘುನಾಥ್.

"ಮಿಲಿಮೀಟರ್, ಅಂಕಲ್. ಪಟ್ಟೀಲಿ ಮೂವತ್ತೈದರ ತನಕ ಗುರುತಿದೆ."

ಮೂವತ್ತೈದಕ್ಕೆ ನಾಲ್ಕು. ಬಾಲವಾಡಿಯಿಂದ ಹಿಡಿದು ಈ ದೇಶದ ಡ್ರೈವಿಂಗ್ ಪರೀಕ್ಷೆಯ ತನಕ ಅವರು ಎಂಬತ್ತೈದು ಪರ್ಸೆಂಟಿಗಿಂತ ಕೆಳಗೆ ಇಳಿದವರಲ್ಲ. ಇದು ಒಣಕಣ್ಣಿನ ಲಕ್ಷಣ, ಹತ್ತಕ್ಕಿಂತ ಕಮ್ಮಿ ಇದ್ದರೆ ಹಾಗೆ ಅನುಮಾನಿಸುತ್ತೇವೆ, ಇನ್ನೂ ಒಂದೆರಡು ಪರೀಕ್ಷೆ ಮಾಡಬೇಕು ಎಂದು ಹರ್ಷಿಣಿ ವಿವರಿಸುತ್ತಿದ್ದಳು. ಅವರ ಕಿವಿಗೆ ಬಿದ್ದದ್ದು ಫೇಲ್ ಎಂಬ ಒಂದೇ ಪದ. ಅದನ್ನು ಅವಳು ಆಡಿಯೂ ಇರಲಿಲ್ಲ. ಮಾತ್ರೆ ಬಿಟ್ಟು ಮೂಗಿನ ಸ್ಪ್ರೇ ಶುರು ಮಾಡಿ, ಮುಂದಿನ ಮಂಗಳವಾರ ಬನ್ನಿ, ಇದನ್ನೇ ಮತ್ತೊಮ್ಮೆ ಮಾಡಿ, ಉಳಿದದ್ದನ್ನೂ ನೋಡಿ, ಸಮಿತಿಗೆ ರಿಪೋರ್ಟ್ ಬರೆಯುತ್ತೇನೆ ಎಂದಳು.

ಅಂದರೆ ಸಪ್ಲಿಮೆಂಟರಿ ಇದೆ ಎಂದು ರಘುನಾಥ್ ಅರ್ಥ ಮಾಡಿಕೊಂಡರು. ಒಂದು ವಾರ ಟೈಮೂ ಇದೆ.

ಅವರು ಓದಿದರು. ವಿಜ್ಞಾನ ಬಲ್ಲವರು ಅಡ್ಡದಾರಿ ಹಿಡಿದರೂ ಶಿಸ್ತಿನಿಂದ ಹಿಡಿಯುತ್ತಾರೆ. ಕಣ್ಣೀರು ಬರಿಸುವ ನರಗಳ ಚಿತ್ರ ಬರೆದುಕೊಂಡರು. ಹನಿ ಹಾಕಿ ಮರಗಟ್ಟಿಸುವುದು ಕಣ್ಣನ್ನು ಮಾತ್ರ. ಆದ್ದರಿಂದ ಈರುಳ್ಳಿಯ ಉಪಾಯ ಅಷ್ಟಾಗಿ ನಡೆಯದು. ಆದರೆ ಮೂಗು ಮರಗಟ್ಟುವುದಿಲ್ಲ. ಮೂಗಿನ ಒಳಗೋಡೆ ಉರಿದರೂ ಕಣ್ಣಿಗೆ ಅದೇ ಅಪ್ಪಣೆ ಹೋಗುತ್ತದೆ. ಈ ದಾರಿಯನ್ನು ಪರೀಕ್ಷೆ ರೂಪಿಸಿದವರು ಕಾವಲಿಲ್ಲದೆ ಬಿಟ್ಟಿದ್ದಾರೆ. ಶನಿವಾರ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಒಂದು ಪ್ರಯೋಗವನ್ನೂ ಮಾಡಿದರು. ಹೊರಗೆ ಬಂದಾಗ ಕಾತ್ಯಾಯಿನಿ, ತಲೆನೋವಿನ ಮುಲಾಮಿನ ಡಬ್ಬಿ ಎಲ್ಲಿ ಹೋಯಿತು ಎಂದು ಹುಡುಕುತ್ತಿದ್ದರು. ಗಂಡನ ಕೆಂಪು ಮೂಗು ನೋಡಿ ಹುಡುಕುವುದನ್ನು ನಿಲ್ಲಿಸಿದರು. ಏನೂ ಕೇಳಲಿಲ್ಲ. ಕೇಳದೆ ಇರುವುದರಲ್ಲಿ ಅವರಿಗೆ ಮೂವತ್ತು ವರ್ಷದ ಅನುಭವವಿತ್ತು.

ಜನವರಿ ಇಪ್ಪತ್ತೇಳರ ಬೆಳಿಗ್ಗೆ, ಕಾರ್ ಪಾರ್ಕಿನಲ್ಲಿ, ರಘುನಾಥ್ ಎರಡೂ ಹೊಳ್ಳೆಗಳ ಒಳಗೆ ಧಾರಾಳವಾಗಿ ಮುಲಾಮು ಬಳಿದುಕೊಂಡು ಒಳಗೆ ಹೋದರು. ಅವರಿಗಿಂತ ಎರಡು ಹೆಜ್ಜೆ ಮುಂದೆ ಅವರ ವಾಸನೆ ಹೋಯಿತು. ಹರ್ಷಿಣಿ ಒಂದು ಸಲ ಉಸಿರೆಳೆದುಕೊಂಡು, ಅವರನ್ನು ನೋಡಿ, ಹನಿ ಹಾಕಿ, ಪಟ್ಟಿ ಸಿಕ್ಕಿಸಿದಳು.

ಈ ಸಲ ಕಾಗದಗಳು ಐದು ನಿಮಿಷ ಕಾಯಲಿಲ್ಲ. ಬಲಗಣ್ಣು ಮೂವತ್ತಮೂರು, ಎಡಗಣ್ಣು ಮೂವತ್ತೈದು ದಾಟಿ ಕೆನ್ನೆಯ ಮೇಲೆ. ರಘುನಾಥ್ ಸಭ್ಯ ದನಿಯಲ್ಲಿ, ಹೇಗೆ, ಪರವಾಗಿಲ್ಲವಾ ಎಂದು ವಿಚಾರಿಸಿದರು.

ಹರ್ಷಿಣಿ ಕುರ್ಚಿ ಎಳೆದುಕೊಂಡು ಎದುರು ಕೂತಳು. ಮುಖ ಗಂಭೀರವಾಗಿತ್ತು.

"ಅಂಕಲ್, ಈ ನಂಬರ್ ನಿಜವಾದ್ರೆ ನಂಗೆ ವರಿ ಆಗತ್ತೆ. ಒಂದೇ ವಾರದಲ್ಲಿ ನಾಲ್ಕರಿಂದ ಮೂವತ್ತಮೂರಕ್ಕೆ ಯಾರ ಕಣ್ಣೂ ಹೋಗಲ್ಲ. ಇಷ್ಟು ನೀರು ನಿಂತಿದೆ ಅಂದ್ರೆ, ಅದು ಇಳಿದು ಹೋಗೋ ಪೈಪ್ ಬ್ಲಾಕ್ ಆಗಿರಬಹುದು."

"ಪೈಪಾ?"

"ಕಣ್ಣಿನ ಮೂಲೇಲಿ ಒಂದು ಸಣ್ಣ ತೂತಿದೆ. ಅದರೊಳಗೆ ಚಿಕ್ಕ ಸಿರಿಂಜ್ ತೂರಿಸಿ, ಉಪ್ಪುನೀರು ಬಿಟ್ಟು, ಗಂಟಲಿಗೆ ಬರತ್ತಾ ಅಂತ ನೋಡ್ಬೇಕು. ನಾನು ಮಾಡಲ್ಲ. ಆಸ್ಪತ್ರೆಗೆ ಬರೀತೀನಿ. ಆರು ವಾರ ವೇಟಿಂಗ್ ಇರಬಹುದು. ಅಲ್ಲೀ ತನಕ ಸಮಿತಿಗೆ ಏನು ಬರೀಲಿ? ಕಾರಣ ಇನ್ನೂ ಗೊತ್ತಾಗಿಲ್ಲ ಅಂತಾನೇ ಬರೀಬೇಕು."

ಆರು ವಾರ. ಫೈನಲ್ಲಿಗೆ ಇನ್ನು ಹನ್ನೊಂದು ದಿನ. ರಘುನಾಥ್ ಗೋಡೆಯ ಮೇಲಿದ್ದ ಕಣ್ಣಿನ ಚಿತ್ರ ನೋಡಿದರು. ಆ ಮೂಲೆ, ಆ ತೂತು, ಎಲ್ಲ ಅಲ್ಲೇ ಇತ್ತು. ಬೇರೆ ಯಾವ ಕಾರಣವೂ ಇರಲಾರದೇ ಎಂದು ಕೇಳಿದರು. ಇರಬಹುದು, ಯಾವುದಾದರೂ ಹೊಳೆಯುತ್ತಾ ಎಂದು ಅವಳೇ ಕೇಳಿ ಪೆನ್ನು ಹಿಡಿದು ಕಾದಳು. ಹರ್ಷಿಣಿಯ ತುಟಿಯ ಒಂದು ಕೊನೆ ಅಲುಗಾಡಿದ್ದನ್ನು ಅವರು ಕಂಡಿದ್ದರೆ ಇನ್ನೂ ಸ್ವಲ್ಪ ಹೊತ್ತು ತಡೆದುಕೊಳ್ಳುತ್ತಿದ್ದರೇನೋ. ಆದರೆ ಕಣ್ಣ ತುಂಬ ನೀರಿತ್ತು.

ಜೇಬಿನಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು.

"ನಮ್ಮಜ್ಜಿ ಹತ್ರಾನೂ ಇದೇ ಇತ್ತು," ಎಂದಳು ಹರ್ಷಿಣಿ. "ನೀವು ರಿಸೆಪ್ಶನ್‌ನಲ್ಲಿ ಹೆಸರು ಹೇಳೋ ಮುಂಚೆನೇ ಗೊತ್ತಾಯ್ತು. ಕಾಪಿ ಹೊಡೀಬಾರದು ಅಂತ ನಮಗೆ ಹೇಳಿಕೊಟ್ಟೋರು ಯಾರು ಅಂಕಲ್?"

ರಘುನಾಥ್ ಮೂಗೊರೆಸಿಕೊಂಡರು. ಈ ಫೈನಲ್ ಬಿಟ್ಟರೆ ಇನ್ನು ತಮ್ಮನ್ನು ಯಾರೂ ಕರೆಯುವುದಿಲ್ಲ ಎಂದು, ನೆಲ ನೋಡುತ್ತ, ತುಂಬ ಸಣ್ಣ ದನಿಯಲ್ಲಿ ಹೇಳಿದರು. ಮನೆಯಲ್ಲೂ ಅವರು ಇದನ್ನು ಹೇಳಿರಲಿಲ್ಲ.

ಅವಳು ನಗುವುದನ್ನು ಬಿಟ್ಟಳು. ಅವರನ್ನು ಎಬ್ಬಿಸಿ ಕಳಿಸಿ, ಮೂಗು ಮುಖ ತೊಳೆದುಕೊಂಡು ಬರಲು ಹೇಳಿ, ಅರ್ಧ ಗಂಟೆ ಹೊರಗೆ ಕೂರಿಸಿ, ಮತ್ತೆ ಒಳಗೆ ಕರೆದಳು. ಈ ಸಲ ಹಳದಿ ಬಣ್ಣವನ್ನು ಕಣ್ಣಿಗೆ ಮುಟ್ಟಿಸಿ, ಯಂತ್ರದ ಮೇಲೆ ಗಲ್ಲ ಇರಿಸಿ, ನೀಲಿ ಬೆಳಕು ಬಿಟ್ಟಳು. ಒಂದು ಸಲ ರೆಪ್ಪೆ ಬಡಿದು, ಆಮೇಲೆ ಆದಷ್ಟು ಹೊತ್ತು ಬಡಿಯದೆ ಇರಿ ಎಂದಳು.

ರಘುನಾಥರ ಜೀವ ಮರಳಿತು. ಇದು ಅವರ ಸಿಲಬಸ್ಸು. ಕಣ್ಣು ಬಿಟ್ಟುಕೊಂಡು, ಮನಸ್ಸಿನಲ್ಲೇ ಎಣಿಸುತ್ತ, ಬೆಟ್ಟದ ಮೇಲಿನ ನಂದಿಯ ಹಾಗೆ ಕೂತರು. ನಲವತ್ತೊಂದಕ್ಕೆ ಸೋತರು.

"ನಲವತ್ತೊಂದು," ಎಂದರು.

"ಮೂರು," ಎಂದಳು ಹರ್ಷಿಣಿ.

ಅವರಿಗೆ ಅರ್ಥವಾಗಲಿಲ್ಲ. ಅವಳು ಪರದೆಯ ಮೇಲೆ ಅವರ ಕಣ್ಣನ್ನೇ ತೋರಿಸಿದಳು. ರೆಪ್ಪೆ ಬಡಿದ ಕೂಡಲೇ ಕಣ್ಣೀರು ಹಳದಿ-ಹಸಿರಿನ ತೆಳು ಹಾಳೆಯಾಗಿ ಕಣ್ಣಿನ ಮೇಲೆ ಸಮನಾಗಿ ಹರಡಿತ್ತು. ಮೂರನೆಯ ಸೆಕೆಂಡಿಗೆ ಅದರಲ್ಲಿ ಕಪ್ಪು ತೂತುಗಳು ಬಿದ್ದವು, ಕಾದ ಕಾವಲಿಯ ಮೇಲಿನ ದೋಸೆಗೆ ಬೀಳುವಂಥವು. ಉಳಿದ ಮೂವತ್ತೆಂಟು ಸೆಕೆಂಡು ಅವರು ಹರಿದ ಹಾಳೆಯ ಮೂಲಕ ಪ್ರಪಂಚ ನೋಡಿದ್ದರು. ಹತ್ತು ಸೆಕೆಂಡಿನ ತನಕವಾದರೂ ಅದು ಹರಿಯಬಾರದು. ಕೆಳರೆಪ್ಪೆಯ ಅಂಚನ್ನು ಅವಳು ಮೆಲ್ಲಗೆ ಒತ್ತಿದಾಗ, ತೆಳ್ಳನೆಯ ಎಣ್ಣೆ ಬರಬೇಕಾದ ಗ್ರಂಥಿಗಳಿಂದ ಗಟ್ಟಿ ಬೆಣ್ಣೆಯಂಥದೇನೋ ತುಸುವೇ ಹೊರಗೆ ಇಣುಕಿತು.

ಆಮೇಲಿನದನ್ನು ರಘುನಾಥ್ ತಾವೇ ಕೂಡಿಸಿಕೊಂಡರು. ಅವರ ಬುದ್ಧಿ ಕೆಡುಕಿಗೆ ಮಾತ್ರ ಓಡುವಂಥದಾಗಿರಲಿಲ್ಲ. ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೇಲುತ್ತಿದ್ದರೆ ಆವಿ ಬೇಗ ಏಳುವುದಿಲ್ಲ. ಕಣ್ಣೀರಿಗೂ ಹಾಗೇ ಒಂದು ಎಣ್ಣೆಯ ಹೊದಿಕೆ ಬೇಕು. ಆ ಎಣ್ಣೆ ಹೊರಬಂದು ಹರಡುವುದು ಪೂರ್ತಿ ರೆಪ್ಪೆ ಹೊಡೆದಾಗ. ಅವರು ಪರದೆಯ ಎದುರು ಹೊಡೆಯುವುದಿಲ್ಲ, ಮೈದಾನದಲ್ಲಿ ಹಟ ಹಿಡಿದು ಹೊಡೆಯುವುದಿಲ್ಲ. ಮಾತ್ರೆ ನೀರಿನ ಪಾಲನ್ನೂ ಕಡಿಮೆ ಮಾಡಿತ್ತು. ಇದ್ದಷ್ಟನ್ನು ಹೀಟ್ ಪಂಪು, ಕಾರಿನ ಗಾಳಿ, ವಾಯವ್ಯದ ಗಾಳಿ ಸೇರಿ ಹೀರುತ್ತಿದ್ದವು. ಹಾಳೆ ಹರಿದ ಕೂಡಲೇ ಕಣ್ಣು ಗಾಬರಿಯಾಗಿ, ಬೆಂಕಿ ಬಿದ್ದ ಮನೆಗೆ ನೀರು ಎರಚುವಂತೆ ಒಮ್ಮೆಲೇ ಸುರಿಸುತ್ತಿತ್ತು. ಆ ನೀರು ನಿಲ್ಲುವಂಥದಲ್ಲ, ಕೆನ್ನೆಯ ಮೇಲೆ ಹರಿದು ಹೋಗುವಂಥದು.

"ಅಂದ್ರೆ ಒಣಗಿರೋದಕ್ಕೇ ಸುರೀತಿದೆ," ಎಂದರು.

"ಆಂಟಿ ನವೆಂಬರಲ್ಲೇ ಹೇಳಿದ್ರಂತಲ್ಲ. ನಿನ್ನೆ ಫೋನ್ ಮಾಡಿದ್ರು. ಡಬ್ಬಿ ವಾಪಸ್ ತಗೊಂಡು ಬರೋಕೆ ನೆನಪಿಸು ಅಂದ್ರು."

ಅವಳು ಬರೆದ ರಿಪೋರ್ಟಿನಲ್ಲಿ ಮುಲಾಮಿನ ಪ್ರಸ್ತಾಪ ಇರಲಿಲ್ಲ. ಮೊದಲ ವಾರದ ನಾಲ್ಕು, ಐದು. ಈ ವಾರದ ಮೂರು ಸೆಕೆಂಡು. ಮತ್ತೆ ಒಂದು ಸಾಲು: ರೆಪ್ಪೆ ಬಡಿದ ಕೂಡಲೇ ದೃಷ್ಟಿ ಪೂರ್ತಿ ಸ್ಪಷ್ಟ. ರಘುನಾಥ್ ಅದನ್ನು ಮಡಿಸದೆ ಶ್ರೀಕರನ ಕೈಗೆ ಕೊಟ್ಟರು. ಚೆಂಡು ಬೌಲರನ ಕೈ ಬಿಟ್ಟು ಬ್ಯಾಟು ಮುಟ್ಟಲು ಒಂದು ಸೆಕೆಂಡೂ ಬೇಡ, ಬಿಡುವ ಮುಂಚೆ ರೆಪ್ಪೆ ಹೊಡೆದರೆ ನನಗೆ ಮೂರು ಸೆಕೆಂಡು ಸಿಗುತ್ತದೆ ಎಂದು ಲೆಕ್ಕ ಬರೆದು ತೋರಿಸಿದರು. ಹನ್ನೊಂದು ವರ್ಷ ಹೇಳಿಕೊಟ್ಟ ಪಾಠವನ್ನು ಬಾಯಾರೆ ವಾಪಸ್ ತೆಗೆದುಕೊಂಡದ್ದು ಸುಲಭವಾಗಿರಲಿಲ್ಲ. ಶ್ರೀಕರ್ ಲೆಕ್ಕವನ್ನು ಎರಡು ಸಲ ನೋಡಿ, ಬೌಲರ್ ಕಡೆಯ ಅಂಪೈರ್ ಬೇರೆಯವರು ಎಂದೂ, ಅಂಕಲ್ ಬೇಕಾದರೆ ಸ್ಕ್ವೇರ್ ಲೆಗ್ಗಿನಲ್ಲಿ ನಿಲ್ಲಬಹುದೆಂದೂ ಹೇಳಿದ.

ಸ್ಕ್ವೇರ್ ಲೆಗ್ ಎಂದರೆ ಈ ಲೀಗಿನಲ್ಲಿ ಯಾರದೋ ಮಾವನವರು ಕುರ್ಚಿ ಹಾಕಿಕೊಂಡು ಕೂರುವ ಜಾಗ. ರಘುನಾಥ್ ಒಂದು ರಾತ್ರಿ ಊಟ ಬಿಟ್ಟರು. ಮಾರನೆಯ ಬೆಳಿಗ್ಗೆ ಒಪ್ಪಿದರು.

ಹನ್ನೊಂದು ದಿನ ಬಿಸಿಬಟ್ಟೆ ಕಣ್ಣ ಮೇಲಿಟ್ಟುಕೊಂಡು ಹತ್ತು ಹತ್ತು ನಿಮಿಷ ಮಲಗಿದರು. ಹನಿ ಹಾಕಿಕೊಂಡರು. ಆಫೀಸಿನಲ್ಲಿ ಪರದೆಯ ಅಂಚಿಗೆ "ಹೊಡಿ" ಎಂದು ಚೀಟಿ ಅಂಟಿಸಿಕೊಂಡು, ಪಕ್ಕದ ಮೇಜಿನ ಬೆಂಗಳೂರಿನವನನ್ನು ಎರಡು ದಿನ ಗಾಬರಿಪಡಿಸಿದರು.

ಫೆಬ್ರವರಿ ಏಳರಂದೂ ಅದೇ ಗಾಳಿ. ಕೊನೆಯ ಓವರಿಗೆ ಬಂದಾಗ ಶ್ರೀಕರನ ತಂಡಕ್ಕೆ ಒಂಬತ್ತು ರನ್ ಬೇಕಿತ್ತು, ಉಳಿದಿದ್ದದ್ದು ಒಂದೇ ವಿಕೆಟ್. ಬ್ಯಾಟು ಶ್ರೀಕರನ ಕೈಯಲ್ಲೇ ಇತ್ತು. ಮೊದಲ ಚೆಂಡನ್ನು ಅವನು ದೂರಕ್ಕೆ ಹೊಡೆದು, ಒಂದು ಓಡಿ, ಎರಡನೆಯದಕ್ಕೆ ತಿರುಗಿದ. ಬೌಂಡರಿಯ ಬಳಿ ಎದುರು ತಂಡದ ಪ್ರಣವ್ ಚೆಂಡೆತ್ತಿ ಎಸೆದ. ಶ್ರೀಕರ್ ಅರ್ಧ ದಾರಿಗೆ ಬರುತ್ತಿದ್ದಂತೆ, ಸ್ಕ್ವೇರ್ ಲೆಗ್ಗಿನಲ್ಲಿ ನಿಂತಿದ್ದ ರಘುನಾಥ್, ಎಲ್ಲರೆದುರು, ಎರಡೂ ಕಣ್ಣುಗಳನ್ನು ಗಟ್ಟಿಯಾಗಿ ಒಮ್ಮೆ ಮುಚ್ಚಿ ತೆರೆದರು.

ಶ್ರೀಕರ್ ಬ್ಯಾಟು ಮುಂದೆ ಚಾಚಿ ಹಾರಿದ. ಒಣಗಿ ಬಿರುಕುಬಿಟ್ಟ ನೆಲದಲ್ಲಿ ಬ್ಯಾಟಿನ ತುದಿ ನೆಟ್ಟುಕೊಂಡಿತು. ಅವನು ಹಿಡಿ ಬಿಡದೆ ಅಲ್ಲೇ ಬೋರಲು ಬಿದ್ದ. ಕೀಪರ್ ಬೇಲ್ಸ್ ಹಾರಿಸಿದ. ಧೂಳೆದ್ದಿತು. ರಘುನಾಥ್ ಬೆರಳೆತ್ತಿದರು.

"ಅಂಕಲ್, ನೀವು ಕಣ್ ಮುಚ್ಚಿದ್ರಿ," ಎಂದ ಶ್ರೀಕರ್, ಮಲಗಿದಲ್ಲಿಂದಲೇ. "ಓಡಿ ಬರ್ತಾ ನಾನೇ ನೋಡ್ದೆ."

"ಮುಚ್ಚಿದ್ದಕ್ಕೇ ಕಾಣಿಸ್ತಪ್ಪ."

ಎರಡೂ ತಂಡದವರು ಬಂದು ಸುತ್ತ ನಿಂತರು. ಯಾರೋ ಗಾಳಿಯ ಮಾತೆತ್ತಿ ನಕ್ಕರು. ರಘುನಾಥ್, ಬ್ಯಾಟನ್ನು ಅಲುಗಿಸಬೇಡ ಎಂದು ಶ್ರೀಕರನಿಗೆ ಹೇಳಿ, ಮಂಡಿಯೂರಿ ಕೂತರು. ಗೋದಾಮಿನವರ ಪ್ಯಾಂಟಿನಲ್ಲಿ ಸದಾ ಇರುವ ಉಕ್ಕಿನ ಟೇಪನ್ನು ಹೊರಗೆಳೆದು, ಒಂದು ತುದಿಯನ್ನು ಕ್ರೀಸಿನ ಬಿಳಿ ಗೆರೆಯ ಒಳ ಅಂಚಿಗೆ ಒತ್ತಿ ಹಿಡಿದು, ಇನ್ನೊಂದನ್ನು ನೆಲದಲ್ಲಿ ನೆಟ್ಟಿದ್ದ ಬ್ಯಾಟಿನ ತುದಿಯ ತನಕ ಎಳೆದರು. ರೆಪ್ಪೆ ಹೊಡೆದು ಓದಿದರು. ಮತ್ತೆ ಹೊಡೆದು ಇನ್ನೊಮ್ಮೆ ಓದಿ, ಶ್ರೀಕರನಿಗೂ ತೋರಿಸಿದರು.

ಗೆರೆ ದಾಟಲು ಇನ್ನೂ ಆರು ಸೆಂಟಿಮೀಟರ್ ಬೇಕಿತ್ತು.